ಮಾಲೀಕರ ಗೋಡೆಗೆ ನಾನೇಕೆ ವಿಮೆ ಕಟ್ಟಬೇಕು?

ಬೋಗಾದಿ ಬಾಡಿಗೆದಾರ · ಭಾನುವಾರ ಬೆಳಿಗ್ಗೆ 7.42

ಎಲ್ಲರಿಗೂ ನಮಸ್ಕಾರ. ಬೋಗಾದಿಯಲ್ಲಿ ಎರಡನೇ ಮಹಡಿಯ ಮನೆಯೊಂದರಲ್ಲಿ ಮೂರು ವರ್ಷದಿಂದ ಇದ್ದೇನೆ. ಬಾಡಿಗೆ 16,000, ಮುಂಗಡ ಒಂದೂವರೆ ಲಕ್ಷ. ಹನ್ನೊಂದು ತಿಂಗಳಿಗೊಮ್ಮೆ ಬರುವ ಕರಾರು ಪತ್ರಕ್ಕೆ ಇಷ್ಟು ದಿನ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆ. ಈ ಸಲ ಓದಿದೆ. ಹದಿನಾಲ್ಕನೆಯ ಕಲಮು ಹೊಸದು: “ಸದರಿ ಕಟ್ಟಡಕ್ಕೆ ಮಾಡಿಸತಕ್ಕ ವಿಮೆಯ ವಾರ್ಷಿಕ ಕಂತನ್ನು ಬಾಡಿಗೆದಾರರೇ ಭರಿಸತಕ್ಕದ್ದು.”

ಹಿನ್ನೆಲೆ ಹೇಳುತ್ತೇನೆ. ಹೋದ ತಿಂಗಳು ಗುಡುಗು ಮಳೆಯ ಒಂದು ರಾತ್ರಿ ಮೀಟರ್ ಬೋರ್ಡ್‌ನಲ್ಲಿ ಕಿಡಿ ಹಾರಿ ಮೆಟ್ಟಿಲ ಪಕ್ಕದ ಗೋಡೆಯೆಲ್ಲ ಮಸಿಯಾಯಿತು. ನನ್ನ ಫ್ರಿಜ್ ಅಂದೇ ತೀರಿಕೊಂಡಿತು. ಮಾಲೀಕರು ವೈರಿಂಗ್‌ಗೆ 18,000 ಖರ್ಚು ಮಾಡಿದರು. ಅಂದಿನಿಂದ ಅವರಿಗೆ ವಿಮೆಯ ಜ್ಞಾನೋದಯವಾಗಿದೆ. ವರ್ಷದ ಕಂತು 3,180 ರೂಪಾಯಿ, ನನ್ನ ಪಾಲು 1,590 ಎಂದು ಚೀಟಿ ಬರೆದು ಕಳುಹಿಸಿದ್ದಾರೆ.

ಹಣ ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಗೋಡೆ ಅವರದು, ತಾರಸಿ ಅವರದು. ನಾಳೆ ಪರಿಹಾರ ಬಂದರೂ ಅವರ ಖಾತೆಗೇ. ಹಾಗಿರುವಾಗ ಕಂತು ನನ್ನದು ಹೇಗಾಗುತ್ತದೆ? ಮೈಸೂರಿನಲ್ಲಿ ಬೇರೆಯವರು ಏನು ಮಾಡುತ್ತಿದ್ದೀರಿ?

ಕುಕ್ಕರಹಳ್ಳಿ ನಡಿಗೆ · 7.58

ತಿಂಗಳಿಗೆ 132 ರೂಪಾಯಿ. ಎರಡು ಮಸಾಲೆ ದೋಸೆ. ಕೊಟ್ಟು ನೆಮ್ಮದಿಯಾಗಿರಿ ಸ್ವಾಮಿ.

ಒಂಟಿಕೊಪ್ಪಲು ಹುಡುಗಿ · 8.05

ಇವತ್ತು ವಿಮೆ, ನಾಳೆ ಕಂದಾಯ, ನಾಡಿದ್ದು ಅವರ ಮಗಳ ಮದುವೆಯ ಚಪ್ಪರ. ಮೊದಲ ದೋಸೆಯಲ್ಲೇ ನಿಲ್ಲಿಸಬೇಕು.

ಗೋಕುಲಂ ಮನೆಯೊಡತಿ · 8.31

ಮಾಲೀಕರ ಪರವಾಗಿ ಮಾತನಾಡಲು ಇಲ್ಲಿ ಯಾರೂ ಇಲ್ಲದಿರುವುದರಿಂದ ನಾನೇ ಬೈಸಿಕೊಳ್ಳುತ್ತೇನೆ. ನನ್ನ ಮನೆಯ ಮಹಡಿಯನ್ನು ಹದಿನೈದು ವರ್ಷದಿಂದ ಬಾಡಿಗೆಗೆ ಕೊಡುತ್ತಿದ್ದೇನೆ. ಒಮ್ಮೆ ಯೋಗ ಕಲಿಯಲು ಬಂದ ವಿದೇಶಿ ದಂಪತಿ ಇದ್ದರು. ಬಾಗಿಲು ಹಾಕಿಕೊಂಡು ದೀಪ ಹಚ್ಚಿ ಧ್ಯಾನಕ್ಕೆ ಕುಳಿತರು, ಪರದೆ ಹತ್ತಿಕೊಂಡಿತು. ಅವರ ಧ್ಯಾನ ಮುಗಿಯುವ ಹೊತ್ತಿಗೆ ನನ್ನ ತೇಗದ ಕಿಟಕಿ ಮುಗಿದಿತ್ತು. ಮುಂಗಡದಲ್ಲಿ ಹಿಡಿದುಕೊಂಡದ್ದು ಖರ್ಚಿನ ಅರ್ಧಕ್ಕೂ ಸಾಲಲಿಲ್ಲ.

ಮನೆ ನನ್ನದು, ನಿಜ. ಆದರೆ ಒಳಗೆ ಒಲೆ ಹಚ್ಚುವವರು, ಇಸ್ತ್ರಿಪೆಟ್ಟಿಗೆ ಮರೆತು ಹೋಗುವವರು, ಗೀಸರ್ ಹಾಕಿಟ್ಟು ಊರಿಗೆ ಹೋಗುವವರು ಬಾಡಿಗೆದಾರರು. ಅಪಾಯವನ್ನು ತರುವವರು ಕಂತಿನಲ್ಲಿ ಪಾಲು ಕೊಟ್ಟರೆ ಏನು ತಪ್ಪು?

ಮಂಡ್ಯದ ಕಬ್ಬು · 8.40

ಅಮ್ಮಾ, ಮಾಲೀಕರ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೇ?

ಗೋಕುಲಂ ಮನೆಯೊಡತಿ · 8.44

ಹಚ್ಚುತ್ತೇವೆ. ಅದು ನಮ್ಮ ಮನೆಯೆಂಬ ಭಯದಿಂದ ಹಚ್ಚುತ್ತೇವೆ.

ಹಳೆಯ ಲೆಕ್ಕಿಗ · 9.15

ನಲವತ್ತು ವರ್ಷ ತೆರಿಗೆ ಲೆಕ್ಕ ಬರೆದವನು. ಈ ಜಗಳದಲ್ಲಿ ಯಾರೂ ಮುಟ್ಟದ ಒಂದು ಸಂಗತಿ ಇದೆ.

ಬಾಡಿಗೆ ಆದಾಯಕ್ಕೆ ತೆರಿಗೆ ಹಾಕುವಾಗ, ಕಟ್ಟಿದ ಮನೆ ಕಂದಾಯವನ್ನು ಕಳೆದು ಉಳಿದುದರಲ್ಲಿ ನೇರವಾಗಿ ಶೇ. 30ರಷ್ಟನ್ನು ಬಿಡುತ್ತಾರೆ. ರಸೀದಿ ಬೇಡ, ಬಿಲ್ಲು ಬೇಡ. ಮಾಲೀಕರು ಒಂದು ಮೊಳೆ ಹೊಡೆಸದಿದ್ದರೂ ಆ 30 ಸಿಗುತ್ತದೆ. ಇದು ಯಾತಕ್ಕೆ? ಹಳೆಯ ಪದ್ಧತಿಯಲ್ಲಿ ದುರಸ್ತಿಗೆ ಇಷ್ಟು, ಬಾಡಿಗೆ ವಸೂಲಿ ಖರ್ಚಿಗೆ ಇಷ್ಟು, ವಿಮಾ ಕಂತಿಗೆ ಇಷ್ಟು ಎಂದು ಬೇರೆ ಬೇರೆ ಕಳೆಯುತ್ತಿದ್ದೆವು. 2001ರ ಹಣಕಾಸು ಕಾಯ್ದೆ ಅದನ್ನೆಲ್ಲ ಒಂದೇ ಗಂಟು ಕಟ್ಟಿ 30 ಮಾಡಿತು. ಅಂದರೆ ವಿಮೆಯ ಕಂತು ಆ ಗಂಟಿನೊಳಗೇ ಇದೆ.

ಬೋಗಾದಿಯವರ ಬಾಡಿಗೆ ವರ್ಷಕ್ಕೆ 1,92,000. ಕಂದಾಯವನ್ನು ಬದಿಗಿಟ್ಟರೆ ಅದರ ಶೇ. 30 ಎಂದರೆ 57,600 ರೂಪಾಯಿಗೆ ಮಾಲೀಕರು ತೆರಿಗೆ ಕಟ್ಟುವುದಿಲ್ಲ. ಇಡೀ ಕಟ್ಟಡದ ವಿಮೆ 3,180. ಸರ್ಕಾರ ಒಮ್ಮೆ ಬಿಟ್ಟುಕೊಟ್ಟ ಖರ್ಚನ್ನು ಬಾಡಿಗೆದಾರರಿಂದ ಎರಡನೆಯ ಸಲ ವಸೂಲಿ ಮಾಡುವುದು ಕಾನೂನುಬಾಹಿರವಲ್ಲ. ಆದರೆ ಲೆಕ್ಕ ಬರೆಯುವವನ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ.

ಒಂಟಿಕೊಪ್ಪಲು ಹುಡುಗಿ · 9.20

ರಾಯರೇ, ಬಾಡಿಗೆಯನ್ನು ತೆರಿಗೆಯಲ್ಲಿ ತೋರಿಸುವ ಮಾಲೀಕರಿಗೆ ತಾನೇ ಈ ಲೆಕ್ಕ?

ಹಳೆಯ ಲೆಕ್ಕಿಗ · 9.22

ಆ ವಿಷಯವನ್ನು ನಾನು ಎತ್ತಲಿಲ್ಲ.

ಕಾನೂನು ಹುಳು · 9.50

ಭಾವನೆ ಬದಿಗಿಡೋಣ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಓದಿ. ಮಾಲೀಕರು ಮತ್ತು ಬಾಡಿಗೆದಾರರ ಹಕ್ಕು ಬಾಧ್ಯತೆಗಳೆಲ್ಲ ಅಲ್ಲಿವೆ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸುವುದು ಬಾಡಿಗೆದಾರರ ಕರ್ತವ್ಯ. ಆದರೆ ಸಹಜ ಸವಕಳಿ ಮತ್ತು ತಡೆಯಲಾಗದ ಶಕ್ತಿಯಿಂದ ಆದ ಹಾನಿಗೆ ವಿನಾಯಿತಿ ಇದೆ. ಬೆಂಕಿ, ಬಿರುಗಾಳಿ, ನೆರೆಯಿಂದ ಮನೆ ವಾಸಕ್ಕೆ ಶಾಶ್ವತವಾಗಿ ಯೋಗ್ಯವಲ್ಲದಂತಾದರೆ ಕರಾರನ್ನು ರದ್ದು ಮಾಡಿ ಹೊರಡುವ ಆಯ್ಕೆ ಬಾಡಿಗೆದಾರರಿಗೆ ಇದೆ, ಹಾನಿ ಅವರ ತಪ್ಪಿನಿಂದ ಆಗಿರಬಾರದು ಅಷ್ಟೇ. ಒಟ್ಟಿನಲ್ಲಿ, ಸಿಡಿಲು ಬಡಿದರೆ ನಷ್ಟ ಮಾಲೀಕರದು. ನೀವು ಹಾಲು ಕಾಯಿಸಲು ಇಟ್ಟು ಮಲಗಿದರೆ ನಷ್ಟ ನಿಮ್ಮದು.

ಆದರೆ ಆ ಕಲಮು ಶುರುವಾಗುವುದೇ, ಇದಕ್ಕೆ ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ ಎಂಬ ಷರತ್ತಿನಿಂದ. ಎಂದರೆ ಕರಾರಿನಲ್ಲಿ ಬರೆದು ಸಹಿ ಹಾಕಿದರೆ ಆ ಬರಹವೇ ಗೆಲ್ಲುತ್ತದೆ. ನಿಮ್ಮ ಹದಿನಾಲ್ಕನೆಯ ಕಲಮು ಅನ್ಯಾಯವಾಗಿರಬಹುದು, ಸಹಿ ಬಿದ್ದ ಮೇಲೆ ಅಕ್ರಮವಲ್ಲ. ಆದ್ದರಿಂದ ಜಗಳ ಏನಿದ್ದರೂ ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಆಗಬೇಕು.

ಇನ್ನೊಂದು: ನಮ್ಮ ದೇಶದಲ್ಲಿ ವಾಹನಕ್ಕೆ ತೃತೀಯ ಪಕ್ಷದ ವಿಮೆ ಕಡ್ಡಾಯ, ಮನೆಗೆ ಕಡ್ಡಾಯವಿಲ್ಲ. ಕಾನೂನು ಹೇಳುತ್ತದೆ ಎಂದು ಯಾರಾದರೂ ಹೇಳಿದರೆ ಯಾವ ಕಾನೂನು ಎಂದು ಕೇಳಿ.

ಬೋಗಾದಿ ಬಾಡಿಗೆದಾರ · 10.12

ಧನ್ಯವಾದ. ಒಂದು ವಿಷಯ ಹೇಳುವುದನ್ನು ಮರೆತಿದ್ದೆ. ಕಟ್ಟಡದಲ್ಲಿ ಮೂರು ಮನೆ. ನೆಲಮಹಡಿಯಲ್ಲಿ ಮಾಲೀಕರೇ ಇದ್ದಾರೆ. ಮೊದಲ ಮಹಡಿಯವರಿಗೆ 1,590, ನನಗೆ 1,590.

ಮಂಡ್ಯದ ಕಬ್ಬು · 10.13

ಅವರದೆಷ್ಟು?

ಬೋಗಾದಿ ಬಾಡಿಗೆದಾರ · 10.14

ಸೊನ್ನೆ.

ಕುಕ್ಕರಹಳ್ಳಿ ನಡಿಗೆ · 10.20

ದೋಸೆಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಗೋಕುಲಂ ಮನೆಯೊಡತಿ · 10.26

ಇದಕ್ಕೆ ನನ್ನ ಬೆಂಬಲವೂ ಇಲ್ಲ. ಮೂರು ಪಾಲು ಮಾಡಿ ಒಂದು ಪಾಲನ್ನು ತಾನು ಹಾಕಿದ್ದರೆ ಮಾತನಾಡಬಹುದಿತ್ತು.

ವಿಮೆ ಮಾರುವವ · 11.05

ಮೊದಲೇ ಹೇಳಿಬಿಡುತ್ತೇನೆ, ನಾನು ಏಜೆಂಟ್. ಯಾರಿಗೂ ಇಲ್ಲಿ ಪಾಲಿಸಿ ಮಾರುವುದಿಲ್ಲ. ಆದರೆ ಎಲ್ಲರೂ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸುತ್ತಿದ್ದೀರಿ.

2021ರ ಏಪ್ರಿಲ್ 1ರಿಂದ ಮನೆಗಳಿಗೆಂದು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಅಥವಾ ಕೊಳವೆ ಒಡೆಯುವುದು, ಇವೆಲ್ಲ ಅದರಲ್ಲಿವೆ. ಕಟ್ಟಡಕ್ಕೆ ಬೇರೆ, ಒಳಗಿನ ಸಾಮಾನಿಗೆ ಬೇರೆ ಅಥವಾ ಎರಡಕ್ಕೂ ಸೇರಿಸಿ ಮಾಡಿಸಬಹುದು. ಕಟ್ಟಡಕ್ಕೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಸಾಮಾನಿಗೂ ತಾನಾಗಿ ರಕ್ಷಣೆ ಸಿಗುತ್ತದೆ.

ಈಗ ಬೋಗಾದಿಯವರು ಕುಳಿತುಕೊಂಡು ಓದಲಿ. ಆ ಸಾಮಾನು ಯಾರದು? ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರದು. ಎಂದರೆ ನಿಮ್ಮ ಮಾಲೀಕರ ಬೀರು, ಮಂಚ, ಟಿ.ವಿ.ಗೆ ನೀವು ಮತ್ತು ಮೊದಲ ಮಹಡಿಯವರು ಕಂತು ಕಟ್ಟುತ್ತಿದ್ದೀರಿ. ನಿಮ್ಮ ಮಂಚಕ್ಕೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಇನ್ನೂ ಇದೆ. ಅವಘಡದಿಂದ ಮನೆ ವಾಸಕ್ಕೆ ಆಗದಂತಾದರೆ ದುರಸ್ತಿ ಮುಗಿಯುವವರೆಗೆ ತಪ್ಪಿಹೋದ ಬಾಡಿಗೆಯನ್ನೂ ಆ ಪಾಲಿಸಿ ಮಾಲೀಕರಿಗೆ ತುಂಬಿಕೊಡುತ್ತದೆ. ನೀವು ಆಗ ಸೂಟ್‌ಕೇಸ್ ಹಿಡಿದು ಮಾವನ ಮನೆಯಲ್ಲಿರುತ್ತೀರಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಕಂಪನಿ ಮಾಲೀಕರಿಗೆ ಪರಿಹಾರ ಕೊಟ್ಟ ಮೇಲೆ ತಪ್ಪಿತಸ್ಥರ ಮೇಲಿದ್ದ ಮಾಲೀಕರ ಹಕ್ಕು ಕಂಪನಿಗೆ ದಾಟುತ್ತದೆ. ಬೆಂಕಿ ಬಾಡಿಗೆದಾರರ ಅಜಾಗರೂಕತೆಯಿಂದ ಬಿತ್ತು ಎಂದು ತೋರಿಸಿದರೆ ಕಂಪನಿ ಅವರ ಬಾಗಿಲು ತಟ್ಟಬಹುದು. ಕಂತಿನ ಅರ್ಧ ಕಟ್ಟಿದ್ದೇನೆ ಎಂಬುದು ಆಗ ತಾನಾಗಿ ರಕ್ಷಣೆಯಾಗುವುದಿಲ್ಲ. ಪಾಲು ಕೊಡಲೇಬೇಕೆಂದಾದರೆ ಪಾಲಿಸಿಯಲ್ಲಿ ನಿಮ್ಮ ಹೆಸರೂ ಸೇರಲಿ, ವಿಮೆಯಿಂದ ಪರಿಹಾರ ಸಿಕ್ಕ ಹಾನಿಯನ್ನು ಬಾಡಿಗೆದಾರರಿಂದ ಕೇಳುವುದಿಲ್ಲ ಎಂದು ಕರಾರಿನಲ್ಲೂ ಬರೆಯಲಿ.

ತಂತಿ ಕೆಲಸದವ · 11.30

ಫ್ರಿಜ್‌ಗೆ ದುಡ್ಡು ಬರುತ್ತಿತ್ತೇ ಹೇಳಿ ಏಜೆಂಟ್ ಸಾಹೇಬರೇ.

ವಿಮೆ ಮಾರುವವ · 11.41

ಪ್ರಶ್ನೆ ಸರಿಯಾಗಿದೆ, ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. ವಿದ್ಯುತ್ ಏರಿಳಿತ ಅಥವಾ ಶಾರ್ಟ್ ಸರ್ಕ್ಯೂಟ್‌ನಿಂದ ಒಂದು ಉಪಕರಣ ತಾನೇ ಸುಟ್ಟರೆ ಆ ಉಪಕರಣಕ್ಕೆ ಬೆಂಕಿ ವಿಮೆಯಲ್ಲಿ ಪರಿಹಾರವಿಲ್ಲ. ಅದರಿಂದ ಬೆಂಕಿ ಹತ್ತಿ ಪಕ್ಕದ ಸೋಫಾ ಸುಟ್ಟರೆ ಸೋಫಾಕ್ಕೆ ಪರಿಹಾರ ಉಂಟು. ಉಪಕರಣ ಕೆಡುವುದಕ್ಕೆ ಬೇರೆ ಹೆಚ್ಚುವರಿ ರಕ್ಷಣೆ ಕೊಳ್ಳಬೇಕು.

ಒಂಟಿಕೊಪ್ಪಲು ಹುಡುಗಿ · 11.43

ಎಂದರೆ ಈ ಇಡೀ ರಾದ್ಧಾಂತಕ್ಕೆ ಕಾರಣವಾದ ಫ್ರಿಜ್‌ಗೆ, ಯಾರು ಕಂತು ಕಟ್ಟಿದ್ದರೂ, ಏನೂ ಸಿಗುತ್ತಿರಲಿಲ್ಲ!

ವಿಮೆ ಮಾರುವವ · 11.44

ಹೌದು.

ತಂತಿ ಕೆಲಸದವ · 12.10

ನಾನು ಹೇಳುವುದೂ ಅದನ್ನೇ. ವಿಮೆಯ ಮಾತು ಆಮೇಲೆ, ಮೊದಲು ಭೂಸಂಪರ್ಕದ ಮಾತು. ಈ ಊರಿನಲ್ಲಿ ನಾನು ನೋಡಿದ ಎಷ್ಟೋ ಬಾಡಿಗೆ ಮನೆಗಳಲ್ಲಿ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಒಂದು ಬಿಂದಿಗೆ ನೀರು ಹಾಕಿದವರಿಲ್ಲ. ಮಹಡಿ ಮೇಲೆ ಮಹಡಿ ಏರಿಸುತ್ತಾರೆ, ಕೆಳಗಿನ ಮುಖ್ಯ ತಂತಿ ಮಾತ್ರ ಒಂದೇ ಸಂಸಾರ ಇದ್ದ ಕಾಲದ್ದು. ಮೇಲೆ ಮೂರು ಗೀಸರ್, ಎರಡು ಎ.ಸಿ., ಈಗ ವಿದ್ಯುತ್ ಸ್ಕೂಟರ್ ಬೇರೆ. ಮೀಟರ್ ಬೋರ್ಡ್‌ನಲ್ಲಿ ಕಿಡಿ ಹಾರದೆ ಹೂವು ಅರಳುತ್ತದೆಯೇ?

ಬಾಡಿಗೆದಾರರೂ ಕಡಿಮೆಯೇನಲ್ಲ. 15 ಆಂಪಿಯರ್‌ನ ಪ್ಲಗ್ಗಿಗೆ ಏನೋ ಒಂದು ಜೋಡಣೆ ಸಿಕ್ಕಿಸಿ 5 ಆಂಪಿಯರ್ ಸಾಕೆಟ್‌ಗೆ ಚುಚ್ಚುತ್ತಾರೆ. ಕರೆಂಟು ಸೋರಿದರೆ ತಾನೇ ಆರುವ ಆರ್‌ಸಿಸಿಬಿ ಸ್ವಿಚ್ಚು ಮತ್ತೆ ಮತ್ತೆ ಬೀಳುತ್ತದೆ ಎಂದು ಅದನ್ನೇ ತೆಗೆಸಲು ನನ್ನನ್ನು ಕರೆದವರಿದ್ದಾರೆ. ನಾಯಿ ಬೊಗಳುತ್ತದೆ ಎಂದು ನಾಯಿಯನ್ನು ಓಡಿಸಿದ ಹಾಗೆ.

ಹಿನಕಲ್ ಸ್ಕೂಟರ್ · 12.25

ಅಣ್ಣ, ಸ್ಕೂಟರ್ ಚಾರ್ಜ್ ಮಾಡುವುದಕ್ಕೆ ನಮ್ಮ ಮಾಲೀಕರು ತಿಂಗಳಿಗೆ 500 ಕೇಳುತ್ತಾರೆ, ಅಪಾಯ ಭತ್ಯೆಯಂತೆ. ಇದು ನ್ಯಾಯವೇ?

ತಂತಿ ಕೆಲಸದವ · 12.31

ಬೇರೆ ತಂತಿ, ಬೇರೆ ಎಂಸಿಬಿ, ಸರಿಯಾದ ಸಾಕೆಟ್ ಹಾಕಿಸಿಕೊಟ್ಟು ಕೇಳಿದರೆ ನ್ಯಾಯ. ಕಿಟಕಿಯಿಂದ ಉದ್ದನೆಯ ವೈರು ಇಳಿಬಿಟ್ಟಿದ್ದರೆ 500 ಕೊಟ್ಟರೂ ಅಪಾಯ ಹೋಗುವುದಿಲ್ಲ.

ಮಂಡ್ಯದ ಕಬ್ಬು · 12.50

ನಮ್ಮ ಕಡೆಯದೊಂದು ಕೇಳಿ. ಮಂಡ್ಯದಲ್ಲಿ ನಾನು ಬಾಡಿಗೆಗಿಲ್ಲ, ಭೋಗ್ಯಕ್ಕಿದ್ದೇನೆ. ಏಳು ಲಕ್ಷ ಕೊಟ್ಟಿದ್ದೇನೆ, ಮೂರು ವರ್ಷಕ್ಕೆ. ತಿಂಗಳ ಬಾಡಿಗೆ ಇಲ್ಲ. ಈಗ ಹೇಳಿ, ಈ ಮನೆ ಬಿದ್ದುಹೋದರೆ ನನ್ನ ಏಳು ಲಕ್ಷದ ಗತಿ ಏನು? ಮಾಲೀಕರು ಆ ದುಡ್ಡಿನಲ್ಲಿ ಬೇರೆ ಕಡೆ ಸೈಟು ತೆಗೆದುಕೊಂಡಾಗಿದೆ. ಮನೆ ಇದ್ದರೆ ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ನನ್ನ ದುಡ್ಡು ಕೊಡುತ್ತಾರೆ. ಮನೆಯೇ ಇಲ್ಲವಾದರೆ? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಅದಕ್ಕೇ ನಾನೇ ಬಲವಂತ ಮಾಡಿ ಮಾಲೀಕರ ಹೆಸರಿನಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದೆ. ಕಂತು ನಾನೇ ಕಟ್ಟುತ್ತೇನೆ. ಬೋಗಾದಿಯವರು ನನ್ನನ್ನು ಮೂರ್ಖ ಎನ್ನಬಹುದು. ಆದರೆ ನನ್ನ ಏಳು ಲಕ್ಷ ಆ ಗೋಡೆಯೊಳಗೆ ಕುಳಿತಿದೆ.

ಕಾನೂನು ಹುಳು · 1.05

ಮೂರ್ಖತನ ಅದಲ್ಲ. ಭೋಗ್ಯದ ಪತ್ರ ನೋಂದಣಿ ಆಗಿದೆಯೇ? ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಣಿ ಕಡ್ಡಾಯ. ಊರೆಲ್ಲ ಹನ್ನೊಂದು ತಿಂಗಳ ಕರಾರು ಮಾಡುವುದು ಇದನ್ನು ತಪ್ಪಿಸಿಕೊಳ್ಳಲೆಂದೇ.

ಮಂಡ್ಯದ ಕಬ್ಬು · 1.07

ಛಾಪಾ ಕಾಗದದಲ್ಲಿ ಬರೆದಿದ್ದೇವೆ.

ಕಾನೂನು ಹುಳು · 1.08

ನೋಂದಣಿ ಎಂದು ಕೇಳಿದೆ.

ಮಂಡ್ಯದ ಕಬ್ಬು · 1.15

ಊಟಕ್ಕೆ ಕರೆಯುತ್ತಿದ್ದಾರೆ, ಆಮೇಲೆ ಬರುತ್ತೇನೆ.

ವಿಮೆ ಮಾರುವವ · 1.40

ಕಬ್ಬಿನವರೇ, ಊಟ ಮುಗಿಸಿ ಓದಿ. ಪಾಲಿಸಿ ಮಾಲೀಕರ ಹೆಸರಿನಲ್ಲಿದ್ದರೆ ಪರಿಹಾರದ ಹಣ ಅವರಿಗೇ ಬರುತ್ತದೆ. ಅದರಲ್ಲಿ ಮೊದಲು ಭೋಗ್ಯದ ಮೊತ್ತ ಹಿಂದಿರುಗಿಸಬೇಕು ಎಂದು ಪತ್ರದಲ್ಲಿ ಬರೆಸಿಕೊಳ್ಳದೆ ಕಂತು ಕಟ್ಟಿದರೆ ಈರಭದ್ರನಿಗೆ ಇನ್ನೊಂದು ನೈವೇದ್ಯ ಅಷ್ಟೇ.

ಜೆ.ಪಿ. ನಗರದ ಸಾಲಗಾರ · 2.10

ನಾನು ಮಾಲೀಕ. ನನ್ನ ಮನೆಗೆ ಬ್ಯಾಂಕಿನವರೇ ಸಾಲ ಕೊಡುವಾಗ ವಿಮೆ ಮಾಡಿಸಿದ್ದಾರೆ. ಹಾಗಾಗಿ ಬಾಡಿಗೆದಾರರನ್ನು ಪೀಡಿಸುವ ಪ್ರಮೇಯ ಬಂದಿಲ್ಲ.

ಹಳೆಯ ಲೆಕ್ಕಿಗ · 2.18

ಪಾಲಿಸಿ ತೆಗೆದು ನೋಡಿ. ಎಷ್ಟೋ ಜನರ ಬಳಿ ಇರುವುದು ಸಾಲಗಾರ ಸತ್ತರೆ ಸಾಲ ತೀರಿಸುವ ಜೀವ ವಿಮೆ. ಮನೆ ಸುಟ್ಟರೆ ಅದು ಅಲುಗಾಡುವುದಿಲ್ಲ.

ಜೆ.ಪಿ. ನಗರದ ಸಾಲಗಾರ · 3.02

ನೋಡಿದೆ. ನೀವು ಹೇಳಿದ್ದೇ ಸರಿ. ಒಂಬತ್ತು ವರ್ಷದಿಂದ ನಾನು ಸಾಯುವುದಕ್ಕೆ ವಿಮೆ ಇದೆ, ಮನೆಗೆ ಇಲ್ಲ. ಹೊಸದಾಗಿ ಮಾಡಿಸಬೇಕಾದರೆ ಎಷ್ಟಕ್ಕೆ ಮಾಡಿಸಲಿ? ಮನೆಯ ಈಗಿನ ಬೆಲೆ ಒಂದೂಕಾಲು ಕೋಟಿ.

ವಿಮೆ ಮಾರುವವ · 3.15

ಅದರಲ್ಲಿ ಸೈಟಿನ ಬೆಲೆ ಕಳೆಯಿರಿ, ಸೈಟು ಸುಡುವುದಿಲ್ಲ. ಕಾರ್ಪೆಟ್ ವಿಸ್ತೀರ್ಣವನ್ನು ಇಂದು ಕಟ್ಟಲು ತಗಲುವ ದರದಿಂದ ಗುಣಿಸಿ. ಸಾವಿರ ಚದರಡಿ, ಅಡಿಗೆ ಎರಡು ಸಾವಿರ ಎಂದಿಟ್ಟುಕೊಂಡರೆ 20 ಲಕ್ಷ. ಕೋಟಿಗೆ ಮಾಡಿಸಿ ಎನ್ನುವ ಏಜೆಂಟ್ ಸಿಕ್ಕಿದರೆ ಚಹಾ ಕುಡಿಸಿ ಕಳುಹಿಸಿ.

ಅಗ್ರಹಾರದ ಅಜ್ಜಿ · 3.40

ನನ್ನದು ಮದ್ರಾಸ್ ತಾರಸಿಯ ಹಳೆಯ ಮನೆ, ನಮ್ಮ ಮಾವನವರ ಕಾಲದ್ದು. ಹಿಂದಿನ ಭಾಗ ಬಾಡಿಗೆಗಿದೆ. ಮಳೆಗಾಲದಲ್ಲಿ ತೊಲೆ ಬೀಳುತ್ತದೇನೋ ಎಂದು ಭಯ. ವಿಮೆ ಮಾಡಿಸಿದರೆ ದುರಸ್ತಿಗೆ ದುಡ್ಡು ಬರುತ್ತದೆಯೇ ಮಗು? ಇನ್ನೊಂದು, ನಮ್ಮ ಮನೆಯ ಪಟ್ಟದ ಗೊಂಬೆ ಮೂರು ತಲೆಮಾರಿನದು. ಅದಕ್ಕೂ ವಿಮೆ ಮಾಡುತ್ತಾರೆಯೇ?

ವಿಮೆ ಮಾರುವವ · 3.55

ಅಮ್ಮಾ, ಹಳೆಯದಾಗಿ ತಾನೇ ಶಿಥಿಲವಾದುದಕ್ಕೆ, ಸವೆದುದಕ್ಕೆ ವಿಮೆಯಲ್ಲಿ ಏನೂ ಬರುವುದಿಲ್ಲ. ತೊಲೆಗೆ ಗೆದ್ದಲು ಹಿಡಿದಿದ್ದರೆ ಬಡಗಿಯನ್ನೇ ಕರೆಯಬೇಕು. ಗೊಂಬೆಗೆ ಅವಕಾಶವಿದೆ. ಒಡವೆ, ಬೆಳ್ಳಿ, ಕಲಾಕೃತಿಗಳಂಥ ಬೆಲೆಬಾಳುವ ವಸ್ತುಗಳಿಗೆ ಮೊದಲೇ ಒಪ್ಪಿಕೊಂಡ ಮೌಲ್ಯದ ಮೇಲೆ ಐಚ್ಛಿಕ ರಕ್ಷಣೆ ಇದೆ. ಬೆಲೆ ಕಟ್ಟುವವರು ಬೇಕಾಗಬಹುದು.

ಅಗ್ರಹಾರದ ಅಜ್ಜಿ · 4.01

ನಮ್ಮ ಅತ್ತೆಯ ಕೈಯ ಗೊಂಬೆಗೆ ಬೆಲೆ ಕಟ್ಟುವವರು ಯಾರಪ್ಪ! ಬೇಡ ಬಿಡು.

ಕುಕ್ಕರಹಳ್ಳಿ ನಡಿಗೆ · 4.10

ಅಜ್ಜಿ, ತೊಲೆಯನ್ನು ಮಾತ್ರ ಮುಂದೂಡಬೇಡಿ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಆ ದಾರಿಯಲ್ಲಿ ನಾನು ದಿನವೂ ಹೂವು ತರಲು ಹೋಗುತ್ತಿದ್ದೆ. ಹಳೆಯ ಕಟ್ಟಡ ಎಚ್ಚರಿಕೆ ಕೊಟ್ಟೇ ಬೀಳುತ್ತದೆ, ನಾವು ಕೇಳಿಸಿಕೊಳ್ಳುವುದಿಲ್ಲ.

ಕಪಿಲೆಯ ದಡ · 5.20

ಬೆಳಗಿನಿಂದ ಓದುತ್ತಿದ್ದೇನೆ. ಬಾಡಿಗೆದಾರರೆಲ್ಲ ಗೋಡೆ ನನ್ನದಲ್ಲ ಎಂದು ಗೆದ್ದಂತೆ ಮಾತನಾಡುತ್ತಿದ್ದೀರಿ. ಗೋಡೆಯೊಳಗಿರುವುದು ಯಾರದು?

2019ರ ಆಗಸ್ಟ್‌ನಲ್ಲಿ ನಾನು ನಂಜನಗೂಡಿನಲ್ಲಿ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೆ. ಕಪಿಲೆ ಏರಿದಾಗ ಮಕ್ಕಳನ್ನು ಮತ್ತು ದಾಖಲೆಗಳ ಚೀಲವನ್ನು ಹಿಡಿದು ಹೊರಟೆವು. ನೀರು ಇಳಿದ ಮೇಲೆ ಬಂದು ನೋಡಿದರೆ ಗೋಡೆಗಳು ನಿಂತಿದ್ದವು. ಸುಣ್ಣ ಬಳಿದರೆ ಮನೆ ಮತ್ತೆ ಮನೆ. ನಮ್ಮದು? ಹೊಲಿಗೆ ಯಂತ್ರ ಕೆಸರಿನಲ್ಲಿ ಅರ್ಧ ಹೂತಿತ್ತು. ಹಾಸಿಗೆಗಳನ್ನು ಇಬ್ಬರು ಎತ್ತಲಾಗಲಿಲ್ಲ, ಅಷ್ಟು ನೀರು ಕುಡಿದಿದ್ದವು. ಅಕ್ಕಿಯ ಡ್ರಮ್ಮಿನ ಮುಚ್ಚಳ ತೆಗೆದಾಗ ಬಂದ ವಾಸನೆ ಈಗಲೂ ನೆನಪಿದೆ. ನನ್ನ ಹೆಂಡತಿ ಮದುವೆಯ ಆಲ್ಬಮ್ಮಿನ ಪುಟಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗದ ಮೇಲೆ ಒಣಹಾಕಿದಳು. ಮುಖಗಳೆಲ್ಲ ಹೋಗಿ ಬರೀ ಸೀರೆಯ ಬಣ್ಣ ಉಳಿದಿತ್ತು.

ಆ ವರ್ಷ ತಕ್ಷಣದ ನೆರವೆಂದು ಸರ್ಕಾರ ಹತ್ತು ಸಾವಿರ ಘೋಷಿಸಿತು, ಪೂರ್ತಿ ಬಿದ್ದ ಮನೆ ಕಟ್ಟಿಕೊಳ್ಳಲು ಐದು ಲಕ್ಷ. ಐದು ಲಕ್ಷ ಮನೆ ಇದ್ದವರಿಗೆ. ಬಾಡಿಗೆಯವನ ಹೊಲಿಗೆ ಯಂತ್ರಕ್ಕೆ ಯಾವ ಪಟ್ಟಿಯಲ್ಲೂ ಕಾಲಂ ಇರಲಿಲ್ಲ.

ಈಗ ಶ್ರೀರಾಂಪುರದಲ್ಲಿದ್ದೇನೆ, ಹೊಳೆ ದೂರ. ಆದರೂ ಸಾಮಾನಿಗಷ್ಟೇ ನನ್ನ ಹೆಸರಿನಲ್ಲಿ ಪಾಲಿಸಿ ಮಾಡಿಸಿದ್ದೇನೆ, ನಾಲ್ಕು ಲಕ್ಷಕ್ಕೆ. ವರ್ಷಕ್ಕೆ ಐನೂರು ರೂಪಾಯಿಯೊಳಗೆ. ಮಾಲೀಕರ ಕಟ್ಟಡದ ವಿಚಾರ ನಾನು ಕೇಳುವುದೂ ಇಲ್ಲ, ಅವರು ಹೇಳುವುದೂ ಇಲ್ಲ.

ಬೋಗಾದಿ ಬಾಡಿಗೆದಾರ · 5.48

ಸರ್, ಇದನ್ನು ಓದಿದ ಮೇಲೆ ಮನೆಯೊಳಗೆ ಒಂದು ಸುತ್ತು ಬಂದೆ. ನನ್ನದೆಂದು ಇರುವ ಸಾಮಾನು ಮೂರು ಲಕ್ಷಕ್ಕೂ ಹೆಚ್ಚಿದೆ. ಇಷ್ಟು ದಿನ ಲೆಕ್ಕವನ್ನೇ ಹಾಕಿರಲಿಲ್ಲ.

ಸರಸ್ವತಿಪುರಂ ಸಂಸಾರ · 6.05

ಕಳ್ಳತನಕ್ಕೆ ಬರುತ್ತದೆಯೇ? ದಸರಾ ರಜೆಗೆ ಊರಿಗೆ ಹೋದಾಗ ಬೀಗ ಒಡೆದಿದ್ದರು.

ವಿಮೆ ಮಾರುವವ · 6.12

ಮೂಲ ಪಾಲಿಸಿಯಲ್ಲಿ ಇಲ್ಲ. ಬೆಂಕಿ, ನೆರೆಯಂಥ ಅವಘಡವಾದ ಏಳು ದಿನದೊಳಗೆ ಅದರ ಜೊತೆಗೇ ಆದ ಕಳವಿಗೆ ಮಾತ್ರ ಉಂಟು. ಬೀಗ ಒಡೆದ ಕಳ್ಳತನಕ್ಕೆ ಪ್ರತ್ಯೇಕವಾಗಿ ಕೊಳ್ಳಬೇಕು.

ಒಂಟಿಕೊಪ್ಪಲು ಹುಡುಗಿ · 6.15

ಎಲ್ಲಕ್ಕೂ ‘ಪ್ರತ್ಯೇಕವಾಗಿ ಕೊಳ್ಳಬೇಕು’. ಏನೂ ಮಾರುವುದಿಲ್ಲ ಎಂದು ಬೆಳಿಗ್ಗೆ ಹೇಳಿದವರು ಯಾರು?

ಗ್ಯಾಸ್ ಪುಸ್ತಕ · 6.40

ಪುಕ್ಕಟೆಯದೊಂದು ಹೇಳುತ್ತೇನೆ. ಮನೆಯ ಅಡುಗೆ ಅನಿಲದ ಸಂಪರ್ಕಕ್ಕೆ ತೈಲ ಕಂಪನಿಗಳೇ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಮಾಡಿಸಿರುತ್ತವೆ. ಸಿಲಿಂಡರ್ ಅವಘಡದಲ್ಲಿ ಸತ್ತರೆ ತಲಾ 6 ಲಕ್ಷ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ಆಸ್ತಿ ಹಾನಿಗೆ 2 ಲಕ್ಷದವರೆಗೆ. ಕಂತು ನಾವು ಕಟ್ಟುವುದಿಲ್ಲ. ಆದರೆ ಆಸ್ತಿ ಹಾನಿಯ ಭಾಗ ಸಿಗುವುದು ಸಂಪರ್ಕ ನೋಂದಾಯಿಸಿದ ವಿಳಾಸದಲ್ಲಿ ಅವಘಡವಾದರೆ. ಬಾಡಿಗೆದಾರರೇ, ಎದೆ ಮುಟ್ಟಿ ಹೇಳಿ, ನಿಮ್ಮ ಗ್ಯಾಸ್ ಪುಸ್ತಕದಲ್ಲಿ ಯಾವ ಮನೆಯ ವಿಳಾಸವಿದೆ?

ಹಿನಕಲ್ ಸ್ಕೂಟರ್ · 6.44

ಮೂರು ಮನೆ ಹಿಂದಿನದು.

ಸರಸ್ವತಿಪುರಂ ಸಂಸಾರ · 6.45

ಹಾಸನದ್ದು.

ಬೋಗಾದಿ ಬಾಡಿಗೆದಾರ · 6.47

ನಮ್ಮ ತಂದೆಯ ಹೆಸರಿನಲ್ಲಿದೆ, ಕೆ.ಆರ್. ನಗರದ ವಿಳಾಸ. ನಾಳೆಯೇ ಬದಲಿಸುತ್ತೇನೆ.

ವಿಜಯನಗರ ಅಪಾರ್ಟ್‌ಮೆಂಟ್ · 7.30

ನೀವೆಲ್ಲ ಸ್ವತಂತ್ರ ಮನೆಯ ಮಾತಾಡುತ್ತಿದ್ದೀರಿ. ನಮ್ಮ ಕಡೆ ಸಂಘವೇ ಇಡೀ ಕಟ್ಟಡಕ್ಕೆ ವಿಮೆ ಮಾಡಿಸುತ್ತದೆ, ಕಂತು ನಿರ್ವಹಣಾ ಶುಲ್ಕದಲ್ಲಿ ಸೇರಿದೆ, ಶುಲ್ಕ ಕಟ್ಟುವುದು ಬಾಡಿಗೆದಾರ. ನಾಲ್ಕು ವರ್ಷದಿಂದ ನಾನು ಮಾಲೀಕರ ಗೋಡೆಗೆ ಕಟ್ಟುತ್ತಲೇ ಬಂದಿದ್ದೇನೆ, ಇವತ್ತು ಗೊತ್ತಾಯಿತು. ಎಲ್ಲ ಕಡೆಯೂ ಕೊನೆಗೆ ಕೊಡುವುದು ಬಾಡಿಗೆದಾರನೇ. ಬೋಗಾದಿಯವರಿಗೆ ಚೀಟಿಯಲ್ಲಿ ಕಾಣಿಸಿತು, ನಮಗೆ ಕಾಣಿಸಲಿಲ್ಲ.

ಗೋಕುಲಂ ಮನೆಯೊಡತಿ · 7.52

ಇದನ್ನೇ ನಾನು ಹೇಳಬೇಕೆಂದಿದ್ದೆ. ಕಂತು ಬೇಡ ಎಂದರೆ ಮಾಲೀಕರು ಬಾಡಿಗೆ ಏರಿಸುತ್ತಾರೆ. ಆಗ ಅದರ ಹೆಸರು ವಿಮೆ ಅಲ್ಲ ಅಷ್ಟೇ.

ಹಳೆಯ ಲೆಕ್ಕಿಗ · 8.05

ವ್ಯತ್ಯಾಸವಿದೆ ತಾಯಿ. ಬಾಡಿಗೆಯೆಂದು ತೆಗೆದುಕೊಂಡರೆ ಅದು ಲೆಕ್ಕಕ್ಕೆ ಬರುತ್ತದೆ, ಹೊಣೆ ಮಾಲೀಕರದಾಗಿಯೇ ಉಳಿಯುತ್ತದೆ. ‘ಬಾಡಿಗೆದಾರರೇ ಭರಿಸತಕ್ಕದ್ದು’ ಎಂದು ಬರೆದರೆ, ಒಂದು ವರ್ಷ ಕಂತು ತಪ್ಪಿ ಆಗಲೇ ಬೆಂಕಿ ಬಿದ್ದರೆ, ವಿಮೆ ಇಲ್ಲದಿದ್ದುದಕ್ಕೂ ಬಾಡಿಗೆದಾರರನ್ನೇ ಹಿಡಿಯುತ್ತಾರೆ. 1,590 ರೂಪಾಯಿಯ ಕಲಮು ಲಕ್ಷಾಂತರ ರೂಪಾಯಿಯ ಕಲಮಾಗುವುದು ಹೀಗೆ.

ಕಾನೂನು ಹುಳು · 8.11

ಇಡೀ ದಿನದಲ್ಲಿ ಬಂದ ಅತ್ಯಂತ ಉಪಯುಕ್ತ ಮಾತು ಇದು. ಬೋಗಾದಿಯವರೇ, ಆ ಕಲಮನ್ನು ಹೊಡೆಸಿ. ಬದಲಿಗೆ ಹೀಗೆ ಬರೆಸಿ: “ಕಟ್ಟಡದ ವಿಮೆ ಮಾಲೀಕರ ಹೊಣೆ, ಬಾಡಿಗೆದಾರರ ಸಾಮಾನಿನ ವಿಮೆ ಬಾಡಿಗೆದಾರರ ಹೊಣೆ. ವಿಮೆಯಿಂದ ಪರಿಹಾರ ಸಿಕ್ಕ ಹಾನಿಗೆ ಒಬ್ಬರು ಇನ್ನೊಬ್ಬರನ್ನು ಕೇಳತಕ್ಕದ್ದಲ್ಲ.” 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಯಾವ ದುರಸ್ತಿ ಯಾರದು ಎಂಬ ಪಟ್ಟಿಯೂ ಇದೆ. ವೈರಿಂಗ್ ಮತ್ತು ಕೊಳವೆ ಮಾಲೀಕರಿಗೆ, ಸ್ವಿಚ್ಚು, ಸಾಕೆಟ್ಟು, ನಲ್ಲಿ, ಗೀಸರ್ ದುರಸ್ತಿ ಬಾಡಿಗೆದಾರರಿಗೆ. ಅದು ಮಾದರಿ ಕಾಯ್ದೆ, ರಾಜ್ಯ ಒಪ್ಪಿದರಷ್ಟೇ ಕಾನೂನು. ಆದರೆ ಕರಾರಿಗೆ ಆ ಪಟ್ಟಿಯನ್ನು ಎತ್ತಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಮಂಡ್ಯದ ಕಬ್ಬು · 8.30

ಊಟ ಮುಗಿಯಿತು. ನೋಂದಣಿಗೆ ಖರ್ಚೆಷ್ಟಾಗುತ್ತದೆ?

ಕುಕ್ಕರಹಳ್ಳಿ ನಡಿಗೆ · 8.32

ಏಳು ಗಂಟೆ ಹಿಡಿದ ಊಟ. ಬಾಡೂಟವೇ ಇರಬೇಕು.

ಬೋಗಾದಿ ಬಾಡಿಗೆದಾರ · ಗುರುವಾರ ರಾತ್ರಿ 9.10

ಸಹಾಯ ಮಾಡಿದ ಎಲ್ಲರಿಗೂ ಸುದ್ದಿ ತಿಳಿಸಬೇಕಲ್ಲ. ಮಾಲೀಕರ ಮನೆಗೆ ಹೋಗಿ ಕುಳಿತು ಮಾತನಾಡಿದೆ. ಕಾಫಿ ಕೊಟ್ಟರು. ಮೂರು ಮನೆಗೆ ಎರಡು ಪಾಲು ಹೇಗೆ ಎಂದು ಕೇಳಿದಾಗ ಅವರ ಮನೆಯವರೇ “ನಾನೂ ಅದನ್ನೇ ಕೇಳಿದೆ” ಎಂದುಬಿಟ್ಟರು. ಹದಿನಾಲ್ಕನೆಯ ಕಲಮು ಹೋಯಿತು. ಕಾನೂನು ಹುಳು ಅವರ ಸಾಲುಗಳನ್ನು ಒಂದು ಅಕ್ಷರವೂ ಬಿಡದೆ ಸೇರಿಸಿದರು. ನನ್ನ ಸಾಮಾನಿಗೆ ಮೂರು ಲಕ್ಷದ ಪಾಲಿಸಿಯನ್ನು ನಾನೇ ಮಾಡಿಸಿದೆ. ಗ್ಯಾಸ್ ವಿಳಾಸ ಬದಲಾಯಿತು.

ಬಾಡಿಗೆ ಮಾತ್ರ 16,000 ಇದ್ದದ್ದು 16,200 ಆಗಿದೆ.

ಹಳೆಯ ಲೆಕ್ಕಿಗ · 9.14

ವರ್ಷಕ್ಕೆ 2,400. ಮೊದಲು ಕೇಳಿದ್ದು 1,590.

ಬೋಗಾದಿ ಬಾಡಿಗೆದಾರ · 9.15

ಗೊತ್ತು ಸರ್. ಹೆಂಡತಿ ಆಗಲೇ ಲೆಕ್ಕ ಹಾಕಿ ತೋರಿಸಿದಳು.

ಗೋಕುಲಂ ಮನೆಯೊಡತಿ · 9.21

ನಾನು ಭಾನುವಾರವೇ ಹೇಳಿದ್ದೆ.

ಹಿನಕಲ್ ಸ್ಕೂಟರ್ · 9.40

ತಂತಿ ಅಣ್ಣ, ಸ್ಕೂಟರ್‌ಗೆ ಬೇರೆ ಲೈನ್ ಎಳೆಯಲು ಎಷ್ಟಾಗುತ್ತದೆ? ಮಾಲೀಕರು ಒಪ್ಪಿದ್ದಾರೆ. ಖರ್ಚು ನನ್ನದಂತೆ.